ಮಾವನವರ ಸಿಂಗಲ್ ಬಾರು

ಕನ್ನಡ ನಾಡು ಒಂದಾಗುವುದಕ್ಕೆ ಎರಡು ವರ್ಷ ಮುಂಚೆ ನಾನು ನರಗುಂದದಿಂದ ರೋಣಕ್ಕೆ ಸೊಸೆಯಾಗಿ ಬಂದೆ. ನನಗಾಗ ಹದಿನೆಂಟು. ಮನೆ ತುಂಬಿದ ಮರುದಿನ ಹಿತ್ತಲಿಗೆ ಹೋದಾಗ ಬಾವಿಯ ಆಚೆ ಎರಡು ದಪ್ಪ ತೇಗದ ಕಂಬ, ಅವುಗಳ ನಡುವೆ ಅಡ್ಡಲಾಗಿ ಒಂದು ಕಬ್ಬಿಣದ ಸಲಾಕೆ ಕಂಡವು. ಸಲಾಕೆ ನನ್ನ ಕೈಗೆ ನಿಲುಕದಷ್ಟು ಎತ್ತರದಲ್ಲಿತ್ತು. ಕೆಳಗೆ ಹಳ್ಳದ ಉಸುಕು ಹಾಸಿದ್ದರು. ಪಂಚಮಿಗೆ ಕಟ್ಟಿದ ಜೋಕಾಲಿಯ ಹಗ್ಗ ಬಿಚ್ಚಿಟ್ಟಿರಬೇಕು ಅಂದುಕೊಂಡು ಅತ್ತೆಯನ್ನು ಕೇಳಿದೆ.

“ಜೋಕಾಲಿ ಅಲ್ಲವ್ವಾ ಅದು,” ಅಂದರು ಅತ್ತೆ, ತಾಮ್ರದ ಕೊಡಕ್ಕೆ ಹುಣಸೆಹಣ್ಣು ತಿಕ್ಕುತ್ತಾ. “ನನ್ನ ಸವತಿ. ದಿನಾ ಮುಂಜಾನೆ ಎದ್ದ ಕೂಡ್ಲೆ ನಿಮ್ಮ ಮಾವ ಮದಲ ಆಕೀ ಮಾರಿ ನೋಡ್ತಾರ, ಆಮ್ಯಾಲ ನಂದು.”

ಮಾವನವರು ಡ್ರಿಲ್ ಮಾಸ್ತರಿಕೆಯಿಂದ ನಿವೃತ್ತರಾಗಿ ಮೂರ್ನಾಲ್ಕು ವರ್ಷವಾಗಿತ್ತು. ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ಊರುಗಳ ಶಾಲೆಗಳಲ್ಲಿ ಮೂವತ್ತು ವರ್ಷ ಸೀಟಿ ಊದಿದವರು. ನಮ್ಮಪ್ಪ ನರಗುಂದದಲ್ಲಿ ಅವರ ಕೈಯಲ್ಲಿ ಕಲಿತವನು. ಬೀಗರಾದ ಮೇಲೂ ಅವರೆದುರು ಕುರ್ಚಿಯಲ್ಲಿ ಕೂರಲು ಅವನಿಗೆ ಧೈರ್ಯವಿರಲಿಲ್ಲ. ಎರಡೂ ಹಿಮ್ಮಡಿ ಜೋಡಿಸಿ ನಿಂತೇ ಮಾತಾಡುತ್ತಿದ್ದ. ಮದುವೆಯ ಹಂದರದಲ್ಲಿ ಇದನ್ನು ನೋಡಿ ನಮ್ಮ ಕಡೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು.

ಮಾವನವರನ್ನು ನೋಡಿದರೆ ಅಂಥ ದೊಡ್ಡ ಆಳೇನೂ ಅಲ್ಲ. ಗಿಡ್ಡ, ತೆಳ್ಳಗೆ, ತಲೆ ಪೂರ್ತಿ ಬೆಳ್ಳಗೆ. ಅಂಗೈ ಮಾತ್ರ ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ದಡ್ಡುಗಟ್ಟಿತ್ತು. ಬೆಳಗ್ಗೆ ಹಿತ್ತಲಿಗೆ ಹೋಗಿ, ಕೈಗೆ ಬೂದಿ ಹಚ್ಚಿಕೊಂಡು, ಒಂದು ಸಣ್ಣ ಜಿಗಿತಕ್ಕೆ ಸಲಾಕೆ ಹಿಡಿಯುತ್ತಿದ್ದರು. ಆಮೇಲೆ ಅರವತ್ತು ದಾಟಿದ ಆ ಮನುಷ್ಯ ಎಲ್ಲಿ ಹೋಗುತ್ತಿದ್ದರೋ ಗೊತ್ತಿಲ್ಲ, ಅಲ್ಲಿ ಬೇರೆ ಯಾರೋ ತೂಗುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ರೊಟ್ಟಿ ಸೀಯುವವರೆಗೂ ನೋಡಿದ್ದುಂಟು.

ಕುಳ್ಳಿನ ಬೂದಿಯನ್ನು ಹಳೆಯ ಧೋತರದ ತುಂಡಿನಲ್ಲಿ ಸೋಸಿ ಡಬ್ಬಿಗೆ ತುಂಬಿ ಕೊಡುವುದು ನನ್ನ ಕೆಲಸವಾಯಿತು. ಸೋಸುವಾಗ ಮಾವನವರು ಕಟ್ಟೆಯ ಮೇಲೆ ಕೂತು ತಮ್ಮ ಕಥೆ ಹೇಳುತ್ತಿದ್ದರು. ಮನೆಯಲ್ಲಿ ಉಳಿದವರಿಗೆಲ್ಲ ಅದು ಕೇಳಿ ಕೇಳಿ ಹಳಸಿತ್ತು. ತಾಲೂಕು ಕಚೇರಿಯಲ್ಲಿ ಕಾರಕೂನರಾಗಿದ್ದ ನನ್ನ ಯಜಮಾನರಂತೂ ಕಥೆ ಶುರುವಾದರೆ ಸೈಕಲ್ ತೆಗೆಯುತ್ತಿದ್ದರು. ನನಗೆ ಮಾತ್ರ ಹೊಸದು.

ಮಾವನವರು ಸವಡಿಯ ರೈತರ ಮನೆಯಲ್ಲಿ ಹುಟ್ಟಿದವರು. ಇಪ್ಪತ್ತನೆಯ ಶತಮಾನ ಇನ್ನೂ ಎಳೆಯದಾಗಿದ್ದಾಗ ಓದಲೆಂದು ಧಾರವಾಡಕ್ಕೆ ಹೋದರು. ಓದು ತಲೆಗೆ ಹತ್ತಲಿಲ್ಲ, ಕಸರತ್ತು ಕೈಗೆ ಹತ್ತಿತು. ಅಲ್ಲಿನ ವ್ಯಾಯಾಮದ ಗುರುಗಳು ಇವರನ್ನು ಸಿಂಗಲ್ ಬಾರಿಗೆ, ಜೋಡಿ ಬಾರಿಗೆ, ಹಗ್ಗಕ್ಕೆ ತೂಗುಬಿಟ್ಟ ಬಳೆಗಳಿಗೆ, ಜಿಗಿಯುವ ಮರದ ಕುದುರೆಗೆ ಹಚ್ಚಿದರು. ಎಲ್ಲವೂ ಬಂತು, ಒಲಿದದ್ದು ಸಿಂಗಲ್ ಬಾರು, ಹಿತ್ತಲಲ್ಲಿ ನಾನು ಕಂಡಂಥ ಒಂಟಿ ಸಲಾಕೆ. ಕೈ ನೆಟ್ಟಗೆ ಚಾಚಿ, ಮೈ ನೆಟ್ಟಗೆ ಮಾಡಿ, ಸಲಾಕೆಯ ಸುತ್ತ ಪೂರ್ತಿ ಒಂದು ಸುತ್ತು ತಿರುಗುವುದಕ್ಕೆ ಅವರು ‘ದೊಡ್ಡ ಸುತ್ತು’ ಅನ್ನುತ್ತಿದ್ದರು. ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಅದನ್ನು ಮಾಡುವವರು ಬೆರಳೆಣಿಕೆಯಷ್ಟು ಮಂದಿ. ಸಾಂಗಲಿ, ಕೊಲ್ಲಾಪುರ, ಪುಣೆಯೆಂದು ಊರೂರಿನ ಪಂದ್ಯಗಳಿಗೆ ಹೋದರು. ನಡುವೆ ಎರಡು ವರ್ಷ ಒಂದು ಸರ್ಕಸ್ ಕಂಪನಿಯಲ್ಲೂ ಇದ್ದರು. ಅಲ್ಲಿ ಮಿಂಚುವ ಚಡ್ಡಿ ಹಾಕಿಸಿದರೆಂದು ಸಿಟ್ಟಾಗಿ ಬಿಟ್ಟು ಬಂದರಂತೆ.

ಪುಣೆಯಲ್ಲಿ ಒಮ್ಮೆ ಒಬ್ಬ ಸಾಹೇಬ ಇವರ ಆಟ ನೋಡಿ, ಹಡಗಿನಲ್ಲಿ ವಿಲಾಯತಿಗೆ ಕರೆದೊಯ್ದು ಅಲ್ಲಿನ ಪಂದ್ಯಕ್ಕೆ ಇಳಿಸುತ್ತೇನೆಂದ. ದರ್ಜಿ ಬಂದು ಅಳತೆ ತೆಗೆದುಕೊಂಡು ಉಣ್ಣೆಯ ಕೋಟು ಹೊಲಿದು ಕೊಟ್ಟ. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಸಾಹೇಬ ದಂಡಿಗೆ ಹೋದ, ಇವರು ಕೋಟಿನ ಸಮೇತ ಸವಡಿಗೆ ಬಂದರು. ಮುಂದೆ ಡ್ರಿಲ್ ಮಾಸ್ತರಾದರು. ಆ ಕೋಟಿಗೆ ನುಸಿ ಹತ್ತಿದ ಮೇಲೆ ಅತ್ತೆ ಅದನ್ನು ಕತ್ತರಿಸಿ ಕೌದಿಗೆ ಹಚ್ಚಿದರು. ಕೌದಿಯ ನಾಲ್ಕು ಮೂಲೆಯಲ್ಲಿ ನಾಲ್ಕು ಕರಿ ತುಂಡು. ಚಳಿಗಾಲದಲ್ಲಿ ಅದನ್ನೇ ಹೊದ್ದುಕೊಂಡು ಮಲಗುವವರಿಗೆ ಏನು ಅನ್ನಿಸುತ್ತಿತ್ತೋ, ನಾನು ಕೇಳಲಿಲ್ಲ.

ಗುರುಗಳು ಹಾಕಿಕೊಟ್ಟ ಒಂದು ನೇಮವನ್ನು ಮಾವನವರು ಮಂತ್ರದಂತೆ ಹೇಳುತ್ತಿದ್ದರು. “ಕೈ ಒಣಗಿರತನಕಾ ಬಾರು ನಿಂದು. ಅಂಗೈ ಬೆವತ ದಿನಾ ಕೆಳಗ ಇಳಿ. ಮತ್ತ ಏರಬ್ಯಾಡ.” ವಯಸ್ಸಾದವನ ತೋಳು ಸುಳ್ಳು ಹೇಳಬಹುದು, ಆದರೆ ಎದೆಯಲ್ಲಿ ಅಂಜಿಕೆ ಹುಟ್ಟಿದ್ದು ಮೊದಲು ಅಂಗೈಗೆ ಗೊತ್ತಾಗುತ್ತದೆ ಎಂದು ಆ ಗುರುಗಳ ನಂಬಿಕೆಯಂತೆ. ಅದಕ್ಕೇ ದಿನವೂ ಬಾರಿನಿಂದ ಇಳಿದ ಮೇಲೆ ಮಾವನವರು ಎರಡೂ ಅಂಗೈ ನನ್ನ ಮುಂದೆ ಚಾಚುತ್ತಿದ್ದರು. ಬೂದಿ ಹಚ್ಚಿದ್ದು ಹಚ್ಚಿದಂತೆಯೇ ಹಿಟ್ಟಿನ ಹಾಗೆ ಇರುತ್ತಿತ್ತು. “ನೋಡಿದೇನವ್ವಾ?” ಅನ್ನುವರು. “ನೋಡಿದ್ಯಾರಿ ಮಾವಾರ,” ಅನ್ನುತ್ತಿದ್ದೆ. ಇಷ್ಟೇ ನಮ್ಮಿಬ್ಬರ ಆಟ. ತವರಿನಲ್ಲಿ ಯಾರೂ ನನಗೆ ಇಷ್ಟು ಮುಖ್ಯವಾದ ಕೆಲಸ ಕೊಟ್ಟಿರಲಿಲ್ಲ.

ಆ ಮೊದಲ ವರ್ಷದ ಮಹಾನವಮಿಗೆ ಮನೆಯಲ್ಲಿ ಒಂದು ಗಡಿಬಿಡಿ ಇತ್ತು. ಗಜೇಂದ್ರಗಡದಲ್ಲಿ ಊರವರು ಸೇರಿ ಒಂದು ವ್ಯಾಯಾಮಶಾಲೆ ಕಟ್ಟಿಸಿದ್ದರು. ಅಲ್ಲಿ ಬಾರಿನ ಮೇಲಿನ ವಿದ್ಯೆ ಕಲಿಸಲು ಮಾವನವರನ್ನು ಕರೆಯಬೇಕೆಂಬ ಮಾತು ನಡೆದಿತ್ತು. ಕೆಲವರಿಗೆ ವಯಸ್ಸಿನ ಅನುಮಾನ. ಹಾಗಾಗಿ ಅವರ ಪೈಕಿ ಒಬ್ಬರು, ಬಳೆ ವ್ಯಾಪಾರದ ಮುಸ್ಲಿಂ ಹಿರಿಯರು, ಚಿಕ್ಕಂದಿನಲ್ಲಿ ಮಾವನವರ ಶಿಷ್ಯರೂ ಆಗಿದ್ದವರು, ಖಂಡೇ ಪೂಜೆಯ ದಿನ ಬಂದು ಆಟ ನೋಡಿ ಹೋಗುವುದೆಂದು ಗೊತ್ತಾಯಿತು.

ಮಾವನವರಿಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂಬುದು ನನಗೆ ಗೊತ್ತಿತ್ತು. ಅವರು ನಿವೃತ್ತರಾದ ವರ್ಷವೇ ಶಾಲೆಯವರು ಅಂಗಳದ ಬಾರುಗಳನ್ನು ಕಿತ್ತು ವಾಲಿಬಾಲ್ ಜಾಳಿಗೆ ಕಟ್ಟಿದ್ದರು. ತಾವು ಕಲಿತದ್ದು ಈ ಹಿತ್ತಲಿನಲ್ಲೇ ಮುಗಿದುಹೋಗುತ್ತದೆ ಎಂದು ಅವರು ಕೊರಗುತ್ತಿದ್ದರು. ಗಜೇಂದ್ರಗಡದ ಕಾಗದ ಬಂದ ದಿನ ಊಟಕ್ಕೆ ಕೂತವರು ಒಂದು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡರು. ಅತ್ತೆ ಮಾತ್ರ ಬಡಿಸುತ್ತಾ ಬಡಿಸುತ್ತಾ ಬಾಯಿ ಹಾಕಿದರು. “ಈ ವಯಸ್ಸಿನ್ಯಾಗ ಜೋತಬೀಳೋ ಚಟಾ ಯಾಕ್ರಿ? ಒಂದ ದಿನಾ ಸೊಂಟಾ ಮುರಕೊಂಡ ಮಲಗ್ತೀರಿ, ನಾ ಮಾಡಬೇಕು.”

ಖಂಡೇ ಪೂಜೆಯ ದಿನ ಎಲ್ಲರ ಮನೆಯಲ್ಲೂ ಆಯುಧಗಳಿಗೆ ರಜೆ. ಕುಡುಗೋಲು, ಕೊಡಲಿ, ತಕ್ಕಡಿ, ಹೊಲಿಗೆಯ ಮಷೀನು ಎಲ್ಲವೂ ಕುಂಕುಮ ಹಚ್ಚಿಸಿಕೊಂಡು ಸುಮ್ಮನೆ ಕೂರುತ್ತವೆ. ಮಾವನವರದೊಂದೇ ತದ್ವಿರುದ್ಧ ಪದ್ಧತಿ. ಆ ದಿನ ಇಳಿಹೊತ್ತಿಗೆ ಓಣಿಯವರೆಲ್ಲ ಹಿತ್ತಲಲ್ಲಿ ನೆರೆಯುತ್ತಿದ್ದರು. ಇವರು ದೊಡ್ಡ ಸುತ್ತು ಒಂದು ಹಾಕುವರು. ಅದೇ ಬಾರಿನ ಪೂಜೆ. ಬೆಳಗ್ಗೆ ಅದನ್ನು ಒದ್ದೆ ಅರಿವೆಯಿಂದ ಒರೆಸಿ, ಒಣಗಿಸಿ, ಕಂಬಗಳಿಗೆ ವಿಭೂತಿ ಕುಂಕುಮ ಹಚ್ಚುವುದನ್ನು ತಾವೇ ಮಾಡುತ್ತಿದ್ದರು. ಆ ವರ್ಷ ಮಾತ್ರ ಸೂಡಿಯ ಒಬ್ಬ ಹಳೆಯ ಗೆಳೆಯರಿಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ಸುದ್ದಿ ಬಂದು, ಬೆಳಗಿನ ಬಸ್ಸಿಗೆ ಹೊರಟರು. ಹೊರಡುವಾಗ ನನ್ನನ್ನು ಕರೆದು, “ಯವ್ವಾ, ಬಾರಿನ ಪೂಜಿ ನೀನ ಮಾಡಿಬಿಡು. ಮಧ್ಯಾಹ್ನಕ್ಕ ಬರ್ತೀನಿ,” ಅಂದರು.

ನನಗೆ ಆದ ಸಂತೋಷ ಹೇಳತೀರದು. ಹೇಗೆ ಮಾಡಬೇಕೆಂದು ಕೇಳುವುದು ಕೂಡ ಹೊಳೆಯಲಿಲ್ಲ. ಪೂಜೆ ಮಾಡುವುದು ನನಗೆ ಗೊತ್ತಿಲ್ಲವೇ?

ನಮ್ಮ ತವರು ಒಕ್ಕಲುತನದ ಮನೆ. ನರಗುಂದದ ಆ ಮನೆಯಲ್ಲಿ ಖಂಡೇ ಪೂಜೆಯೆಂದರೆ ಕಬ್ಬಿಣಕ್ಕೆಲ್ಲ ಎಣ್ಣೆ ಕುಡಿಸುವ ದಿನ. ಕುಂಟೆಯ ಕುಡ, ಕುಡುಗೋಲು, ಬಂಡಿಯ ಅಚ್ಚು, ಬಾವಿಯ ಗಡಗಡಿ, ಒಂದನ್ನೂ ಬಿಡುವಂತಿಲ್ಲ. ಕುಸುಬಿ ಎಣ್ಣೆಯಲ್ಲಿ ಅರಿವೆ ಅದ್ದಿ, ಮೊದಲು ಒರೆಸಿ, ಆಮೇಲೆ ಕುಂಕುಮ. ಎಣ್ಣೆ ಕಾಣದ ಕಬ್ಬಿಣ ವರ್ಷವಿಡೀ ಮುನಿಸಿಕೊಂಡಿರುತ್ತದೆಂದು ನಮ್ಮವ್ವ ಹೇಳುತ್ತಿದ್ದಳು. ನಾನು ಅಟ್ಟದ ಏಣಿ ತಂದು ಕಂಬಕ್ಕೆ ಆನಿಸಿ, ಸಲಾಕೆಯ ಈ ತುದಿಯಿಂದ ಆ ತುದಿಯವರೆಗೆ ಕುಸುಬಿ ಎಣ್ಣೆ ಒರೆಸಿದೆ. ಜಿಡ್ಡು ಎದ್ದು ಕಾಣಬಾರದೆಂದು ಒಣ ಅರಿವೆಯಿಂದ ಮತ್ತೆ ತೀಡಿದೆ. ಬಾರು ಕರ್ರಗೆ ಹೊಳೆಯಿತು. ಎರಡೂ ಕಂಬಕ್ಕೆ ಚೆಂಡು ಹೂವಿನ ಮಾಲೆ ಕಟ್ಟಿದೆ. ಇಳಿದು ದೂರ ನಿಂತು ನೋಡಿ, ಇಷ್ಟು ಚೆಂದದ ಪೂಜೆಯನ್ನು ಈ ಬಾರು ಎಂದೂ ಕಂಡಿರಲಿಕ್ಕಿಲ್ಲ ಅಂದುಕೊಂಡೆ.

ಸೂಡಿಯ ಬಸ್ಸು ತಡವಾಯಿತು. ಮಾವನವರು ಬರುವ ಹೊತ್ತಿಗೆ ಗಜೇಂದ್ರಗಡದ ಹಿರಿಯರು ಬಂದು ಚಹಾ ಕುಡಿದಾಗಿತ್ತು, ಓಣಿಯವರು ಹಿತ್ತಲು ತುಂಬಿದ್ದರು. ಮಾವನವರು ಕಾಲು ತೊಳೆದು, ಕಚ್ಚೆ ಬಿಗಿದು, ಡಬ್ಬಿಯಿಂದ ಬೂದಿ ತೆಗೆದು ಹಚ್ಚಿಕೊಂಡರು. ಹೂವಿನ ಮಾಲೆ ನೋಡಿ ನನ್ನತ್ತ ತಿರುಗಿ ನಕ್ಕರು. ಜಿಗಿದು ಬಾರು ಹಿಡಿದರು.

ಹಿಡಿದೊಡನೆ ಅವರ ಮುಖದಲ್ಲಿ ಏನೋ ಆಯಿತು. ಎರಡು ಸಲ ಕೈ ಬದಲಿಸಿ ಹಿಡಿದರು. ಇಳಿಯಬಹುದಿತ್ತು, ಶಿಷ್ಯನ ಎದುರು, ಓಣಿಯ ಎದುರು ಇಳಿಯಲಿಲ್ಲ. ತೂಗಿದರು, ಮತ್ತೆ ತೂಗಿದರು, ಮೈ ಮೇಲೇರಿತು. ಕಾಲು ಆಕಾಶಕ್ಕೆ ನೆಟ್ಟಗಾದಾಗ ಕೈ ಜಾರಿತು. ಉಸುಕಿನ ಆಚೆ ಗಟ್ಟಿ ನೆಲದ ಮೇಲೆ, ಎಡ ಭುಜದ ಮೇಲೆ ಬಿದ್ದರು.

ಹೆಂಗಸರು ಕೂಗಿದರು. ಗಂಡಸರು ಎತ್ತಿ ತಂದು ಪಡಸಾಲೆಯಲ್ಲಿ ಮಲಗಿಸಿದರು. ಯಾರೋ ದವಾಖಾನೆಗೆ ಓಡಿದರು. ಮಾವನವರು ನೋವಿಗೆ ನರಳಲಿಲ್ಲ. ಬಲ ಅಂಗೈ ಮುಖದ ಮುಂದೆ ಹಿಡಿದು ನೋಡುತ್ತಿದ್ದರು. ಹಿಟ್ಟಿನಂತೆ ಇರಬೇಕಾದ ಬೂದಿ ರಾಡಿಯಾಗಿ ಗೆರೆಗೆರೆಗೂ ಮೆತ್ತಿಕೊಂಡಿತ್ತು. ಗಜೇಂದ್ರಗಡದ ಹಿರಿಯರು ಬಗ್ಗಿ, “ಭಾಳ ಪೆಟ್ಟಾತೇನ್ರಿ ಮಾಸ್ತರ?” ಅಂದರು. ಮಾವನವರು ಅಂಗೈ ತೋರಿಸಿ ಹೇಳಿದರು: “ಕೈ ಬೆವತೈತಿ.”

ಅವರೂ ಆ ನೇಮದಲ್ಲೇ ಕಲಿತವರು. ತಲೆ ತಗ್ಗಿಸಿದರು.

ನನಗೆ ಆಗ ತಿಳಿಯಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ರಟ್ಟೆ ಹಿಡಿದು ಬಚ್ಚಲಿಗೆ ಎಳೆದೊಯ್ದರು. “ಎಣ್ಣಿ ಹಚ್ಚೀಯೇನು?” ಅಂದರು ಮೆಲ್ಲಗೆ. ತಲೆಯಾಡಿಸಿದೆ. ಬಯ್ಯುತ್ತಾರೆ ಅಂದುಕೊಂಡರೆ ಅವರು ಕಣ್ಣು ಮುಚ್ಚಿ ಕೈ ಮುಗಿದರು. “ಬಾಯಿ ಬಿಡಬ್ಯಾಡ. ನಲವತ್ತ ವರ್ಷ ಬೇಡಿಕೊಂಡೀನಿ, ಇವರು ಆ ಸುಡುಗಾಡು ಕಬ್ಬಿಣದಿಂದ ಜೀವಂತ ಇಳೀಲಿ ಅಂತ. ಇವತ್ತ ಇಳದಾರ. ಹೋಗು, ಬಿಸಿನೀರು ಸೀಗಿಕಾಯಿ ತಗೊಂಡ ಹೋಗಿ ಅವರ ಕೈ ತೊಳಿ.”

ನಾನು ತೊಳೆದೆ. ಒಂದೊಂದೇ ಬೆರಳು ಬಿಡಿಸಿ, ಸೀಗೆಕಾಯಿ ಹಚ್ಚಿ, ಜಿಡ್ಡಿನ ಗುರುತೂ ಉಳಿಯದಂತೆ ತೊಳೆದೆ. ಮಾವನವರು ಕಣ್ಣು ಮುಚ್ಚಿಕೊಂಡು ಕೈಯನ್ನು ಕೊಟ್ಟಿದ್ದರು. ನನ್ನ ಜೀವನದಲ್ಲಿ ಮಾಡಿದ ಕೆಲಸಗಳಲ್ಲಿ ಇದೊಂದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ. ಎಣ್ಣೆ ಹಚ್ಚಿದ್ದು ತಿಳಿಯದೆ, ತೊಳೆದದ್ದು ತಿಳಿದೇ.

ಭುಜದ ಎಲುಬು ಬಿರುಕು ಬಿಟ್ಟಿತ್ತು. ಎರಡು ತಿಂಗಳು ಕಟ್ಟು ಹಾಕಿಸಿಕೊಂಡಿದ್ದರು. ಗಜೇಂದ್ರಗಡದಿಂದ ಮತ್ತೆ ಕಾಗದ ಬಂತು: ಮೈ ನೆಟ್ಟಗಾದ ಮೇಲೆ ಬರ್ರಿ, ಕಾಯುತ್ತೇವೆ ಎಂದು ಆ ಹಿರಿಯರೇ ಬರೆಸಿದ್ದರು. ಮಾವನವರು ನನ್ನ ಯಜಮಾನರನ್ನು ಕೂರಿಸಿ ಉತ್ತರ ಹೇಳಿ ಬರೆಸಿದರು: ಎಲುಬು ಕೂಡುತ್ತದೆ, ಕೈ ಬೆವತದ್ದು ಮಾತ್ರ ಕೂಡುವ ಮಾತಲ್ಲ, ಬೇರೆಯವರನ್ನು ನೋಡಿಕೊಳ್ಳಿ. ಬಾಗಿಲ ಹಿಂದೆ ನಿಂತು ನಾನು ಪ್ರತಿ ಅಕ್ಷರ ಕೇಳಿಸಿಕೊಂಡೆ. ಈಗ ಹೋಗಿ ಹೇಳಿಬಿಡುತ್ತೇನೆಂದು ಒಂದು ಹೆಜ್ಜೆ ಇಟ್ಟದ್ದೂ ಉಂಟು. ಅತ್ತೆಯ ಮಾತು ನೆನಪಾಯಿತು, ಮನೆಯಿಂದ ಹೊರಗೆ ಹಾಕಿದರೆ ಎಂಬ ಅಂಜಿಕೆ ನೆನಪಾಯಿತು, ನಿಂತುಬಿಟ್ಟೆ.

ಕಟ್ಟು ಬಿಚ್ಚಿದ ಮರುದಿನ ನಾನು ಅಭ್ಯಾಸದಂತೆ ಬೂದಿ ಸೋಸಲು ಕೂತೆ. ಮಾವನವರು ನೋಡಿ, “ಬ್ಯಾಡವ್ವಾ,” ಅಂದರು. “ಇನ್ನ ಮ್ಯಾಲೆ ಆ ಬಾರಿನ ಮ್ಯಾಲೆ ಒಗದ ಅರಿವಿ ಹಾಕು. ಗಾಳಿ ಚಲೋ ಬರ್ತೈತಿ ಅಲ್ಲಿ.”

ಹಾಕಿದೆ. ಏನು ಮಾಡಲಿ? ದಿನವೂ ಅದೇ ಏಣಿ ಹತ್ತಿ ಸೀರೆ, ಧೋತರ, ಮುಂದೆ ಹುಟ್ಟಿದ ನನ್ನ ಮಗಳ ಅಂಗಿ ಕುಂಚಿಗೆ, ಎಲ್ಲವನ್ನೂ ಅದೇ ಬಾರಿನ ಮೇಲೆ ಹರವಿದೆ. ಅತ್ತೆ ನೆಮ್ಮದಿಯಾಗಿ ಉಂಡು ಮಲಗುತ್ತಿದ್ದರು. ಮಾವನವರಿಗೆ ಒಂದು ಹೊಸ ಚಟ ಹತ್ತಿತು. ಏನೇ ಮುಟ್ಟುವ ಮೊದಲು ಅಂಗೈಯನ್ನು ಧೋತರಕ್ಕೆ ಒರೆಸಿಕೊಳ್ಳುವುದು. ಮೊಮ್ಮಗಳನ್ನು ಎತ್ತಿಕೊಳ್ಳಲು ಹೋದವರು ಕೈ ಒರೆಸುವರು, ಮತ್ತೆ ಒರೆಸುವರು, ಕೊನೆಗೆ “ಬ್ಯಾಡ, ಜಾರಿಸಿಬಿಟ್ಟೇನು,” ಎಂದು ಕೈ ಹಿಂದಕ್ಕೆ ತೆಗೆದುಕೊಳ್ಳುವರು. ಆ ಕೂಸು ನೆಲದ ಮೇಲೆ ಕೂತು ಅಜ್ಜನತ್ತ ಎರಡೂ ತೋಳು ಚಾಚಿ ಅಳುತ್ತಿತ್ತು.

ಹೀಗೆ ಮೂರು ವರ್ಷ. ಮೂರನೆಯ ವರ್ಷದ ಬನ್ನಿಯ ದಿನ, ಊರವರೆಲ್ಲ ಬನ್ನಿ ಮುಡಿದು ಬಂದ ಮೇಲೆ, ನಾನು ಪದ್ಧತಿಯಂತೆ ಬನ್ನಿ ಎಲೆ ಹಿಡಿದು ಮಾವನವರ ಮುಂದೆ ನಿಂತೆ. ಬನ್ನಿ ತಗೊಂಡು ಬಂಗಾರದಂಗ ಇರೋಣ ಅನ್ನಬೇಕು, ಎಲೆ ಕೊಡಬೇಕು, ಕಾಲು ಮುಟ್ಟಬೇಕು. ಆ ದಿನ ಹಳೆಯ ಸಿಟ್ಟು ಸೆಡವು ಇಟ್ಟುಕೊಳ್ಳಬಾರದೆಂದು ನಮ್ಮ ಕಡೆ ರೂಢಿ. ಮಾವನವರು ಎಲೆ ತೆಗೆದುಕೊಳ್ಳುವ ಮುಂಚೆ ಅಂಗೈ ಧೋತರಕ್ಕೆ ಒರೆಸಿಕೊಂಡರು. ಎಲೆಯಂಥ ಎಲೆಗೂ!

ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. “ಮಾವಾರ, ನಿಮ್ಮ ಕೈ ಬೆವತಿದ್ದಿಲ್ಲರಿ,” ಅಂದೆ. “ಬಾರಿಗೆ ನಾನ ಎಣ್ಣಿ ಹಚ್ಚಿದ್ದೆ.”

“ಯಾವ ಎಣ್ಣಿ?” ಅಂದರು.

“ಕುಸುಬಿ ಎಣ್ಣಿರಿ. ನಮ್ಮ ಮನ್ಯಾಗ ಕಬ್ಬಿಣಕ್ಕೆಲ್ಲ ಹಚ್ಚತಿದ್ರು. ನನಗ ಗೊತ್ತಾಗಲಿಲ್ಲರಿ.”

“ಪೂರಾ ಬಾರಿಗೆ?”

“ಪೂರಾರಿ.”

ಅವರು ತಮ್ಮ ಅಂಗೈ ನೋಡಿಕೊಂಡರು. “ಅಂದ್ರ ಬೆವತಿದ್ದಿಲ್ಲ,” ಅಂದರು, ನನಗಲ್ಲ, ಆ ಕೈಗಳಿಗೆ. ಒಂದು ಕ್ಷಣ ಮುಖ ಅರಳಿತು. ಮರುಕ್ಷಣವೇ ಸಿಟ್ಟು ಬಂತು. ಅವರ ಸಿಟ್ಟನ್ನು ನಾನು ಅಂದಿನವರೆಗೆ ನೋಡಿರಲಿಲ್ಲ. ಕೂಗಲಿಲ್ಲ.

“ಎಣ್ಣಿ ಹಚ್ಚಿದ್ದಕ್ಕ ಸಿಟ್ಟಿಲ್ಲ. ಬಿದ್ದಿದ್ದಕ್ಕೂ ಇಲ್ಲ, ಎಷ್ಟ ಸಲಾ ಬಿದ್ದೀನಿ. ಮರುದಿನಾ ಹೇಳಿದ್ದರ ನಾ ಮತ್ತ ಏರತಿದ್ದೆ. ಗಜೇಂದ್ರಗಡಕ್ಕ ಹೋಗತಿದ್ದೆ. ಮೂರ ವರ್ಷ ಆತಲ್ಲವ್ವಾ! ಮೂರ ವರ್ಷ ನನ್ನ ಕೈನ ನಾನ ನಂಬಲಿಲ್ಲ.”

ನಾನು ಅಳುತ್ತಾ ನಿಂತಿದ್ದೆ. ಒಳಗಿನಿಂದ ಅತ್ತೆ ಬಂದರು. ಅವರ ಹೆಸರನ್ನು ನಾನು ಎತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. “ಆಕೀನ್ನ ಬೈಬ್ಯಾಡ್ರಿ,” ಅಂದರು. “ಬಾಯಿ ಮುಚ್ಚಿಸಿದಾಕಿ ನಾನು. ನೀವು ಬದುಕಿ ಉಳೀಲಿ ಅಂತ ಮುಚ್ಚಿಸಿದೆ. ಈಗೂ ನನಗ ಅದರ ಪಶ್ಚಾತ್ತಾಪ ಇಲ್ಲ.” ಮಾವನವರು ಇಬ್ಬರನ್ನೂ ನೋಡಿದರು. ಬನ್ನಿ ಎಲೆಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಗೆ ನಡೆದರು.

ಆ ಸಂಜೆ ಬನ್ನಿ ಕೊಡಲು ಹೋದ ಮನೆಮನೆಯಲ್ಲೂ ಅಂಗೈ ಚಾಚಿ ಅವರು ಹೇಳಿದ್ದು ಒಂದೇ ಮಾತಂತೆ: ಅವತ್ತು ಕೈ ಬೆವತಿರಲಿಲ್ಲ, ಬಾರಿಗೆ ಎಣ್ಣೆಯಾಗಿತ್ತು. ಯಾರು ಹಚ್ಚಿದ್ದೆಂದು ಹೇಳಲಿಲ್ಲ. ಗಜೇಂದ್ರಗಡಕ್ಕೆ ತಾವೇ ಒಂದು ಕಾರ್ಡು ಬರೆದರು. ಅಲ್ಲಿ ಅಷ್ಟರಲ್ಲಿ ಕಲಿಸುವವರಿಲ್ಲದೆ ಬಾರನ್ನು ತೆಗೆದು ಆ ಜಾಗದಲ್ಲಿ ಕುಸ್ತಿಯ ಕಣ ಮಾಡಿದ್ದರು. ಹಿರಿಯರಿಂದ ಮರುಕಾಗದ ಬಂತು. ಅದರಲ್ಲಿ ಏನಿತ್ತೋ ಮಾವನವರು ಓದಿ ಹೇಳಲಿಲ್ಲ, ಮಡಚಿ ಟ್ರಂಕಿನಲ್ಲಿಟ್ಟರು.

ದೀಪಾವಳಿ ಹೋಗುವವರೆಗೂ ನನ್ನೊಡನೆ ಮಾತಾಡಲಿಲ್ಲ. ನಾನು ಬಡಿಸಿದರೆ ಉಣ್ಣುತ್ತಿದ್ದರು, ನೀರು ಕೊಟ್ಟರೆ ಕುಡಿಯುತ್ತಿದ್ದರು, ಅಷ್ಟೇ. ಆದರೆ ಧೋತರಕ್ಕೆ ಕೈ ಒರೆಸುವ ಚಟ ನಿಂತಿತ್ತು. ಮೊಮ್ಮಗಳನ್ನು ಎತ್ತಿ ಭುಜದ ಮೇಲೆ ಕೂರಿಸಿಕೊಂಡು ಓಣಿ ಸುತ್ತುತ್ತಿದ್ದರು.

ಒಂದು ಬೆಳಗ್ಗೆ ನಾನು ಬಟ್ಟೆ ಒಗೆದು ಏಣಿ ತರಲು ಹೊರಟಾಗ ಹಿಂದಿನಿಂದ ಧ್ವನಿ ಕೇಳಿತು. “ಬೂದಿ ಐತೇನವ್ವಾ?”

ಬುಟ್ಟಿ ಕೆಳಗಿಟ್ಟು ಸೋಸಿ ಕೊಟ್ಟೆ. ಅವರು ಸ್ಟೂಲು ಇಟ್ಟುಕೊಂಡು ಹತ್ತಿದರು. ಜಿಗಿಯುವ ಕಾಲ ಹೋಗಿತ್ತು. ಎಡಗೈ ಮೊದಲಿನಂತೆ ಪೂರ್ತಿ ಮೇಲೇಳುತ್ತಿರಲಿಲ್ಲ. ಹೇಗೋ ಹಿಡಿದು ಸ್ಟೂಲಿನಿಂದ ಕಾಲು ತೆಗೆದರು. ತೂಗಲಿಲ್ಲ, ಸುತ್ತಲಿಲ್ಲ, ಸುಮ್ಮನೆ ಜೋತುಬಿದ್ದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದರು. ಹತ್ತು ಎಣಿಸುವಷ್ಟು ಹೊತ್ತು ಇದ್ದಿರಬೇಕು. ಆಮೇಲೆ ಸ್ಟೂಲಿಗೆ ಕಾಲಿಟ್ಟು ಇಳಿದು ಬಂದು ಎರಡೂ ಅಂಗೈ ನನ್ನ ಮುಂದೆ ಚಾಚಿದರು. ಬೂದಿ ಹಿಟ್ಟಿನಂತೆ ಇತ್ತು.

“ನೋಡಿದೇನವ್ವಾ?”

ಬೆರಳಿನಿಂದ ಅವರ ಅಂಗೈ ಮುಟ್ಟಿ ತಲೆಯಾಡಿಸಿದೆ. ಅವರು ನನ್ನ ಕಾಲ ಬಳಿಯಿದ್ದ ಒದ್ದೆ ಬಟ್ಟೆಗಳ ಬುಟ್ಟಿ ನೋಡಿದರು.

“ಹಸೀ ಅರಿವಿ ಇನ್ನ ಇದರ ಮ್ಯಾಲೆ ಹಾಕಬ್ಯಾಡ,” ಅಂದರು. “ತುಕ್ಕ ಹಿಡಿತೈತಿ. ಆಮ್ಯಾಲ ಮತ್ತ ನೀ ಎಣ್ಣಿ ಹಚ್ಚಾಕ ಬರ್ತಿ.”